ತುರ್ತು ಹೊತ್ತಿಗೆ ಆಗಲಿ ಅಂತ ಹ್ಯಾಮ್ ರೇಡಿಯೊ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಹೊಸಕೇಳುಗ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ದೊಡ್ಡ ಬಿರುಗಾಳಿ ಬಂದು ಕರೆಂಟ್ ಹೋಯಿತು, ಅದರ ಹಿಂದೆಯೇ ಮೊಬೈಲ್ ಟವರುಗಳೂ ಒಂದೊಂದಾಗಿ ನಿಂತವು. ಅಪ್ಪ ಅಮ್ಮ ಇರುವುದು ನನ್ನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ. ಅವರು ಹೇಗಿದ್ದಾರೆ ಅಂತ ತಿಳಿಯಲು ದಾರಿಯೇ ಇರಲಿಲ್ಲ. ಆಗಿನಿಂದ ಹವ್ಯಾಸಿಗಳು ತಮ್ಮದೇ ಸೆಟ್‌ನಿಂದ ಮಾತಾಡುವ ಹ್ಯಾಮ್ ರೇಡಿಯೊ ಬಗ್ಗೆ ಸಿಕ್ಕಿದ್ದೆಲ್ಲಾ ಓದುತ್ತಿದ್ದೇನೆ.

ಕೈಯಲ್ಲಿ ಹಿಡಿಯುವ 5 ವ್ಯಾಟ್ ಸೆಟ್ ಎರಡು ತೆಗೆದುಕೊಂಡು ಒಂದು ನನ್ನ ಹತ್ತಿರ, ಇನ್ನೊಂದು ಅವರ ಹತ್ತಿರ ಇಟ್ಟರೆ ಸಾಕಲ್ವಾ? ಲೈಸೆನ್ಸ್ ಬೇಕೇ ಬೇಕಾ? ತುರ್ತು ಹೊತ್ತಿನಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ? ಚುಕ್ಕಿ-ಗೆರೆಯ ಮೋರ್ಸ್ ಸಂಕೇತ ಕಲಿಯಬೇಕಾ? ನನಗೆ ಎಲೆಕ್ಟ್ರಾನಿಕ್ಸ್ ಅಷ್ಟಾಗಿ ಗೊತ್ತಿಲ್ಲ. ತಿಳಿದವರು ಹೇಳಿ.

ತಂತಿಯವ

ಸ್ವಾಗತ. ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಆ ಎರಡು ಸೆಟ್‌ಗಳಿಂದ ನಿಮ್ಮ ಕೆಲಸ ಆಗುವುದಿಲ್ಲ.

ನೀವು ಹೇಳಿದಂಥ ಕೈ ಸೆಟ್‌ಗಳು (ಹ್ಯಾಂಡಿಗಳು) ಓಡುವುದು 2 ಮೀಟರ್ ಬ್ಯಾಂಡ್‌ನಲ್ಲಿ, ಅಂದರೆ 144 ಮೆಗಾಹರ್ಟ್ಸ್‌ನಿಂದ ಮೇಲೆ, ಇಲ್ಲವೇ 430ರ ಸುತ್ತ. ಈ ಅಲೆಗಳು ಹೆಚ್ಚುಕಮ್ಮಿ ನೇರ ಹೋಗುತ್ತವೆ, ಭೂಮಿಯ ಬಾಗು ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಲೆಕ್ಕ ಸುಲಭ: ಎರಡೂ ಕಡೆಯ ಆಂಟೆನಾ ಎತ್ತರವನ್ನು ಮೀಟರ್‌ನಲ್ಲಿ ಹಿಡಿದು ವರ್ಗಮೂಲ ತೆಗೆದು, ಕೂಡಿಸಿ, 4.12ರಿಂದ ಗುಣಿಸಿದರೆ ಕಿಲೋಮೀಟರ್ ಬರುತ್ತದೆ. ಇಬ್ಬರೂ ಬಯಲಿನಲ್ಲಿ ನಿಂತು ಸೆಟ್ ಅನ್ನು ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ ಸುಮಾರು 10 ಕಿಲೋಮೀಟರ್. ಅದೂ ಕಾಗದದ ಮೇಲೆ. ನಡುವೆ ಕಟ್ಟಡ, ಮರ ಇದ್ದರೆ ಎರಡು ಮೂರು ಕಿಲೋಮೀಟರ್‌ಗೇ ಸದ್ದು ಹರಿದುಹೋಗುತ್ತದೆ. 5 ವ್ಯಾಟ್ ಬದಲು 50 ವ್ಯಾಟ್ ಹಾಕಿದರೂ ದಿಗಂತ ಮುಂದೆ ಸರಿಯುವುದಿಲ್ಲ, ಅಲ್ವಾ?

ಇದಕ್ಕೇ ರಿಪೀಟರ್ ಇರುವುದು. ಗುಡ್ಡದ ಮೇಲೋ ಎತ್ತರದ ಕಟ್ಟಡದ ಮೇಲೋ ಕೂತು, ಒಂದು ಫ್ರೀಕ್ವೆನ್ಸಿಯಲ್ಲಿ ನಿಮ್ಮನ್ನು ಕೇಳಿಸಿಕೊಂಡು ಇನ್ನೊಂದರಲ್ಲಿ ಅದೇ ಕ್ಷಣ ಮತ್ತೆ ಕಳಿಸುತ್ತದೆ. 2 ಮೀಟರ್ ಬ್ಯಾಂಡ್‌ನಲ್ಲಿ ಈ ಎರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಜೊತೆಗೆ ಹೆಚ್ಚಿನ ರಿಪೀಟರ್‌ಗಳಿಗೆ 88.5 ಹರ್ಟ್ಸ್‌ನಂಥ ಒಂದು ಸಣ್ಣ ಟೋನ್ (ಸೆಟ್ ಮಾತಿನ ಜೊತೆ ಕಳಿಸುವ ಗುರುತಿನ ಸದ್ದು) ಬೇಕು, ಅದಿಲ್ಲದೆ ನೀವು ಎಷ್ಟು ಒತ್ತಿದರೂ ಅದು ಬಾಯಿ ಬಿಡುವುದಿಲ್ಲ. ಇದನ್ನೆಲ್ಲ ಸೆಟ್‌ನಲ್ಲಿ ಮೊದಲೇ ತುಂಬಿಸಿ, ಮಾತಾಡಿ ನೋಡಿರಬೇಕು. ಮಳೆ ಹೊಯ್ಯುತ್ತಿರುವಾಗ ಟಾರ್ಚ್ ಹಿಡಿದು ಮ್ಯಾನ್ಯುಯಲ್ ಓದುತ್ತಾ ಕೂರುವ ಕೆಲಸ ಅಲ್ಲ ಇದು.

ಲೈಸೆನ್ಸ್ ವಿಷಯ ಇಲ್ಲಿಗೇ ಬರುತ್ತದೆ. ಜೀವಕ್ಕೆ ಅಪಾಯ ಬಂದಾಗ ಕೈಗೆ ಸಿಕ್ಕ ಯಾವ ರೇಡಿಯೊದಿಂದಲಾದರೂ ಸಹಾಯ ಕೇಳಬಹುದು. ಆಪತ್ತಿನಲ್ಲಿರುವ ಸ್ಟೇಷನ್‌ಗೆ ಅಂತರರಾಷ್ಟ್ರೀಯ ರೇಡಿಯೊ ನಿಯಮಗಳೂ ಅಡ್ಡ ಬರುವುದಿಲ್ಲ. ಆದರೆ ನೆನಪಿಡಿ, ಲೈಸೆನ್ಸ್ ಇಲ್ಲದವರು ಉಳಿದ ದಿನಗಳಲ್ಲಿ ಪ್ರಸಾರ ಮಾಡುವಂತಿಲ್ಲ. ಅಂದರೆ ಅಭ್ಯಾಸ ಮಾಡುವಂತಿಲ್ಲ. ಅಭ್ಯಾಸ ಇಲ್ಲದವರ ಕೈಯಲ್ಲಿ ಸೆಟ್ ಇದ್ದು ಪ್ರಯೋಜನ ಏನು? ಯಾವ ರಿಪೀಟರ್ ಬದುಕಿದೆ, ಯಾರು ಎಷ್ಟು ಹೊತ್ತಿಗೆ ಎಲ್ಲಿ ಕೇಳುತ್ತಿರುತ್ತಾರೆ, ನಿಮ್ಮ ಮನೆಯಿಂದ ಯಾವ ದಿಕ್ಕಿಗೆ ಸಿಗ್ನಲ್ ಹೋಗುತ್ತದೆ, ಇದ್ಯಾವುದೂ ಗೊತ್ತಿರುವುದಿಲ್ಲ. ಆಮೇಲೆ, ನಿಮ್ಮ ಅಪ್ಪ ಅಮ್ಮ ಸೆಟ್ ಒತ್ತಿ ಮಾತಾಡಬೇಕಾದರೆ ಅವರಿಗೂ ಲೈಸೆನ್ಸ್ ಬೇಕಾಗುತ್ತದೆ.

ಸಂಜೆನೆಟ್

ತಂತಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಪ್ಪ ಅಮ್ಮನ ಕೈಗೆ ಸೆಟ್ ಕೊಡುವ ಯೋಚನೆ ಬಿಡಿ. ಅವರಿರುವ ಕಡೆ ಒಬ್ಬ ಹ್ಯಾಮ್ ಇದ್ದಾರಾ ಅಂತ ಹುಡುಕಿ. ಪರಿಚಯ ಮಾಡಿಕೊಳ್ಳಿ, ಆಗಾಗ ಅವರ ಜೊತೆ ಏರ್‌ನಲ್ಲಿ ಮಾತಾಡಿ. ನಾಳೆ ಫೋನ್ ಸತ್ತರೆ ಅವರು ಹೋಗಿ ನೋಡಿಕೊಂಡು ಬಂದು ನಿಮಗೆ ಎರಡು ಸಾಲು ಹೇಳುತ್ತಾರೆ. ಬೇರೆಯವರ ಸಂದೇಶ ದಾಟಿಸುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ ಇದೆ. ದೇಶದಿಂದ ದೇಶಕ್ಕೆ ಆದರೆ ತುರ್ತು ಮತ್ತು ವಿಪತ್ತು ಪರಿಹಾರಕ್ಕೆ ಅಂತಲೇ ಅಂತರರಾಷ್ಟ್ರೀಯ ನಿಯಮದಲ್ಲಿ ಜಾಗ ಬಿಟ್ಟಿದ್ದಾರೆ. ನಿಮ್ಮ ಕಡೆಯ ನಿಯಮ ಪರೀಕ್ಷೆಗೆ ಓದುವಾಗಲೇ ಸಿಗುತ್ತದೆ.

2004ರ ಡಿಸೆಂಬರ್ 26ರ ಸುನಾಮಿ ನೆನಪಿದೆಯಾ? ಆಗ ಅಂಡಮಾನ್‌ನಲ್ಲಿ ಹ್ಯಾಮ್‌ಗಳ ಒಂದು ತಂಡ ಇತ್ತು. ಅಪರೂಪದ ಜಾಗದಿಂದ ಪ್ರಪಂಚದ ಬೇರೆ ಹ್ಯಾಮ್‌ಗಳ ಜೊತೆ ಸಂಪರ್ಕ ಮಾಡುವ ಹವ್ಯಾಸಕ್ಕೇ ಅಂತ ಹೋಗಿದ್ದವರು ಅವರು. ಬೇರೆ ಸಂಪರ್ಕ ಕಡಿದಾಗ ಅದೇ ಸೆಟ್, ಅದೇ ಆಂಟೆನಾ ದ್ವೀಪಕ್ಕೂ ಹೊರಗಿನವರಿಗೂ ಕೊಂಡಿಯಾದವು. ಹವ್ಯಾಸ ಬೇರೆ, ತುರ್ತು ಕೆಲಸ ಬೇರೆ ಅಂತ ವಿಂಗಡಿಸುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಅಷ್ಟು ದೂರ ಹೋಗಿ ಗಂಟೆಗಟ್ಟಲೆ ಕಿವಿಗೊಟ್ಟು ಕೂರುವವರು ಇದ್ದದ್ದರಿಂದಲೇ ಆ ದಿನ ಕೆಲಸ ಆಯಿತು.

ಹೊಸಕೇಳುಗ

ತುಂಬಾ ಥ್ಯಾಂಕ್ಸ್. ಸರಿ, ಪರೀಕ್ಷೆಗೆ ಓದುತ್ತೇನೆ. ಅದು ಮುಗಿದು ಕಾಲ್‌ಸೈನ್ (ನನ್ನ ಸ್ಟೇಷನ್ನಿನ ಗುರುತಿನ ಹೆಸರು) ಬರುವವರೆಗೆ ಸುಮ್ನೆ ಕೂರುವುದಾ? ಏನಾದರೂ ಮಾಡಬಹುದಾ?

ಡಿಟ್‌ಡಾ

ಕೇಳಿ. ಬರೀ ಕೇಳಿ. ನಿಮ್ಮ ದೇಶದಲ್ಲಿ ಕೇಳುವುದಕ್ಕೂ ಅನುಮತಿ ಬೇಕಾ ಅಂತ ಒಮ್ಮೆ ನೋಡಿಕೊಳ್ಳಿ, ಬೇಡ ಅಂದರೆ ಇವತ್ತೇ ಶುರು ಮಾಡಬಹುದು.

ಕಂಪ್ಯೂಟರ್‌ಗೆ ಚುಚ್ಚುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅನ್ನುವ ಪುಟ್ಟ ರಿಸೀವರ್ ಒಂದಿದ್ದರೆ ರಿಪೀಟರ್, ವಿಮಾನದವರ ಮಾತು, ಹವಾಮಾನ ಉಪಗ್ರಹ ಎಲ್ಲ ಕೇಳಿಸುತ್ತವೆ. ಏನೂ ಕೊಳ್ಳದೆ ಕೇಳಬೇಕು ಅಂದರೆ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಎಸ್‌ಡಿಆರ್ ಇದೆ. ಬ್ರೌಸರ್‌ನಲ್ಲೇ ತೆರೆದು ಅವರ ಆಂಟೆನಾದಿಂದ ಶಾರ್ಟ್‌ವೇವ್ ಕೇಳಬಹುದು.

7 ಮೆಗಾಹರ್ಟ್ಸ್‌ಗೆ ಹೋಗಿ. 7.1ರ ಸುತ್ತ ನಿಧಾನವಾಗಿ ತಿರುಗಿಸಿ. ಮೊದಲು ಕೇಳಿಸುವುದು ಮೂಗಿನಲ್ಲಿ ಕುಯ್‌ಗುಡುವ ಸದ್ದು, ಮನುಷ್ಯರ ಮಾತು ಅಂತಲೇ ಅನಿಸುವುದಿಲ್ಲ. ಅದು ಸಿಂಗಲ್ ಸೈಡ್‌ಬ್ಯಾಂಡ್, ಸಿಗ್ನಲ್‌ನ ಎರಡು ಬದಿಗಳಲ್ಲಿ ಒಂದನ್ನೇ ಕಳಿಸುವ ವಿಧಾನ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಎಲ್‌ಎಸ್‌ಬಿ (ಕೆಳಬದಿ), ಮೇಲೆ ಯುಎಸ್‌ಬಿ (ಮೇಲ್ಬದಿ) ಇಡುವುದು ರೂಢಿ. ಎಲ್‌ಎಸ್‌ಬಿ ಇಟ್ಟು ನಾಬ್ ಅನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಧ್ವನಿ ಸಣ್ಣದರಿಂದ ಗಡಸಾಗುತ್ತಾ ಬಂದು, ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಯಾರೋ ಎದುರು ಕೂತು ಮಾತಾಡಿದ ಹಾಗೆ ಆಗುತ್ತದೆ. ಅಲ್ಲಿ ಕೈ ನಿಲ್ಲಿಸಿ. ಕೈಗೆ ಇದು ರೂಢಿಯಾಗಲು ಸ್ವಲ್ಪ ದಿನ ಬೇಕು, ಆದರೆ ಗದ್ದಲದ ಮಧ್ಯೆ ಕ್ಷೀಣ ಸಿಗ್ನಲ್ ಹಿಡಿಯುವಾಗ ಇದೇ ಕೆಲಸಕ್ಕೆ ಬರುವುದು.

ಕೇಳುವಾಗ ಪಕ್ಕದಲ್ಲಿ ಪುಸ್ತಕ, ಪೆನ್ಸಿಲ್ ಇರಲಿ. ಸಮಯ, ಫ್ರೀಕ್ವೆನ್ಸಿ, ಕಾಲ್‌ಸೈನ್ ಬರೆದಿಡಿ. ಹಗಲು 7 ಮೆಗಾಹರ್ಟ್ಸ್‌ನಲ್ಲಿ ಯಾರು ಸಿಕ್ಕರು, ರಾತ್ರಿ ಯಾರು ಸಿಕ್ಕರು ಅಂತ ನೋಡುತ್ತಾ ಹೋದರೆ ಅಯಾನುಗೋಳದ (ರೇಡಿಯೊ ಅಲೆಗಳನ್ನು ಬಾಗಿಸಿ ಕೆಳಗೆ ಕಳಿಸುವ ಮೇಲಿನ ವಾತಾವರಣ) ಪಾಠ ಓದುವ ಮೊದಲೇ ಅರ್ಥ ಆಗುತ್ತದೆ. ಹಗಲಲ್ಲಿ ಅದರ ಡಿ ಪದರ ಕೆಳಗಿನ ಬ್ಯಾಂಡ್‌ಗಳನ್ನು ಹೀರಿಬಿಡುತ್ತದೆ, ಸೂರ್ಯ ಮುಳುಗಿದರೆ ಅದು ಕರಗುತ್ತದೆ. ಆಗ ಮೇಲಿನ ಎಫ್ ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆಯವರು ಬರುತ್ತಾರೆ.

ಮೋರ್ಸ್ ಬಗ್ಗೆ ಕೇಳಿದಿರಿ. 30 ಮೆಗಾಹರ್ಟ್ಸ್ ಕೆಳಗೆ ಓಡಿಸಲು ಮೋರ್ಸ್ ಬರಲೇಬೇಕು ಅನ್ನುವ ಅಂತರರಾಷ್ಟ್ರೀಯ ಕಡ್ಡಾಯ 2003ರಲ್ಲೇ ಹೋಯಿತು, ಈಗ ಅದು ಆಯಾ ದೇಶಕ್ಕೆ ಬಿಟ್ಟದ್ದು. ಆದರೂ ಕಲಿಯಿರಿ ಅಂತಲೇ ಹೇಳುತ್ತೇನೆ. ಮಾತು ಒಂದಕ್ಷರವೂ ತಿಳಿಯದ ಗದ್ದಲದಲ್ಲಿ ಮೋರ್ಸ್ ದಾಟುತ್ತದೆ, ಅದೂ 5 ವ್ಯಾಟ್‌ನಲ್ಲಿ, ಅಂಗೈಯಗಲದ ಸೆಟ್‌ನಲ್ಲಿ. ಚುಕ್ಕಿ, ಗೆರೆ ಎಣಿಸಿ ಕಲಿಯಬೇಡಿ, ಇಡೀ ಅಕ್ಷರದ ಸದ್ದನ್ನು ಕಿವಿಯಲ್ಲಿ ಕೂರಿಸಿಕೊಳ್ಳಿ.

ಬ್ಯಾಟರಿಬಾಕ್ಸ್

ಡಿಟ್‌ಡಾ ಅವರ ಮೋರ್ಸ್ ಪ್ರೀತಿಗೆ ನಮಸ್ಕಾರ, ಆದರೆ ಹೊಸಬರಿಗೆ ಮೊದಲೇ ಅದನ್ನು ಹೇರಬೇಡಿ. ತುರ್ತಿಗೆ ಅಂದರೆ ವಿನ್‌ಲಿಂಕ್ ಕಲಿಯಲಿ. ರೇಡಿಯೊ ಮೂಲಕ ಇಮೇಲ್ ಕಳಿಸುವ ವ್ಯವಸ್ಥೆ. ನಿಮ್ಮ ಕಡೆ ಇಂಟರ್‌ನೆಟ್ ಪೂರ್ತಿ ಸತ್ತಿದ್ದರೂ, ದೂರದಲ್ಲಿ ಇಂಟರ್‌ನೆಟ್ ಇರುವ ಗೇಟ್‌ವೇ ಸ್ಟೇಷನ್‌ಗೆ ನಿಮ್ಮ ಸಿಗ್ನಲ್ ಮುಟ್ಟಿದರೆ ಪತ್ರ ಹೋಗುತ್ತದೆ. ಆಸ್ಪತ್ರೆಗೆ ಬೇಕಾದ ಔಷಧಿಗಳ ಎರಡು ಪುಟದ ಪಟ್ಟಿಯನ್ನು ಬಾಯಲ್ಲಿ ಓದಿ ಹೇಳುವುದಕ್ಕೂ ಹೀಗೆ ಕಳಿಸುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನವನ್ನು ಎಲ್ಲರೂ ಹೊಗಳುತ್ತಾರೆ. 2017ರಲ್ಲಿ ಬಂದದ್ದು, 15 ಸೆಕೆಂಡಿನ ಸರದಿಗಳಲ್ಲಿ ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲ್ ಅನ್ನೂ ಬಿಡಿಸುತ್ತದೆ. ಯಾವ ಬ್ಯಾಂಡ್ ಎಲ್ಲಿಗೆ ತೆರೆದಿದೆ, ನಮ್ಮ ಆಂಟೆನಾ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಆದರೆ ಒಂದು ಸರದಿಗೆ ಹಿಡಿಯುವುದು ಹತ್ತು ಹದಿಮೂರು ಅಕ್ಷರ, ಅದರಲ್ಲಿ ತುರ್ತು ಸಂದೇಶ ಸಾಗಿಸಲು ಆಗುವುದಿಲ್ಲ.

ಕರೆಂಟಿನ ಲೆಕ್ಕ ಯಾರೂ ಹೇಳಲಿಲ್ಲ. 100 ವ್ಯಾಟ್ ಸೆಟ್ ಸುಮ್ನೆ ಕೇಳುತ್ತಿರುವಾಗ 1 ಆಂಪಿಯರ್ ಆಸುಪಾಸು ಎಳೆಯುತ್ತದೆ, ಪೂರ್ತಿ ಪವರ್‌ನಲ್ಲಿ ಮಾತಾಡುವಾಗ 20ರ ಹತ್ತಿರ ಹೋಗುತ್ತದೆ. ಅಂದರೆ 20 ಆಂಪಿಯರ್-ಅವರ್‌ನ ಬ್ಯಾಟರಿ ಬರೀ ಕೇಳಿದರೇ ಒಂದು ಹಗಲಿಗೆ ಸರಿಹೋಗುತ್ತದೆ. ಪವರ್ ಇಳಿಸಿ. 100ರಿಂದ 25 ವ್ಯಾಟ್‌ಗೆ ಬಂದರೆ 6 ಡೆಸಿಬೆಲ್ ನಷ್ಟ, ಆ ಕಡೆಯವರ ಮೀಟರ್‌ನಲ್ಲಿ ಒಂದೇ ಒಂದು ಎಸ್-ಯೂನಿಟ್ (ಸಿಗ್ನಲ್ ಬಲ ಅಳೆಯುವ ಗೆರೆ) ಕಡಿಮೆ. ಹೆಚ್ಚಿನ ಸಲ ಅವರಿಗೆ ಗೊತ್ತೂ ಆಗುವುದಿಲ್ಲ. ಅದೇ 2 ಮೀಟರ್ ಬ್ಯಾಂಡ್‌ನಲ್ಲಿ ಆರ್‌ಜಿ-58 ಅನ್ನುವ ತೆಳು ಆಂಟೆನಾ ಕೇಬಲ್ 15 ಮೀಟರ್ ಎಳೆದರೆ ಸುಮಾರು 3 ಡೆಸಿಬೆಲ್, ಅಂದರೆ ಅರ್ಧ ಪವರ್ ಕೇಬಲ್‌ನಲ್ಲೇ ಬಿಸಿಯಾಗಿ ಹೋಯಿತು. ಸೆಟ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ಕೇಬಲ್‌ಗೆ, ಬ್ಯಾಟರಿಗೆ ಇಡಿ.

ತಂತಿಯವ

ಒಪ್ಪುತ್ತೇನೆ. ಆದರೆ ವಿನ್‌ಲಿಂಕ್‌ಗೆ ಲ್ಯಾಪ್‌ಟಾಪ್ ಬೇಕು, ಅದಕ್ಕೂ ಚಾರ್ಜ್ ಬೇಕು, ಸಾಫ್ಟ್‌ವೇರ್ ಮೊದಲೇ ಹೊಂದಿಸಿರಬೇಕು. ಮೈಕ್ ಹಿಡಿದು ಮಾತಾಡಲು ಬಂದವರು ಆಮೇಲೆ ಇದನ್ನು ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ.

ಹೊಸಕೇಳುಗರೇ, ನಿಮ್ಮ 60 ಕಿಲೋಮೀಟರ್‌ಗೆ ವಾಪಸ್ ಬರುತ್ತೇನೆ. ರಿಪೀಟರೂ ಬಿದ್ದರೆ ಏನು ಮಾಡುವುದು? ಗುಡ್ಡದ ಮೇಲಿನ ಬ್ಯಾಟರಿಯೂ ಎಷ್ಟು ಹೊತ್ತು ಬರುತ್ತದೆ? ಆಗ ಎಚ್‌ಎಫ್, ಅಂದರೆ ಶಾರ್ಟ್‌ವೇವ್. 40 ಮೀಟರ್ ಬ್ಯಾಂಡ್‌ಗೆ (7 ಮೆಗಾಹರ್ಟ್ಸ್) ಡೈಪೋಲ್ ಆಂಟೆನಾ ಅಂದರೆ ಬರೀ ಎರಡು ತಂತಿ. 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 7.1ಕ್ಕೆ 20 ಮೀಟರ್ ಚಿಲ್ಲರೆ, ಒಂದೊಂದು ಕಡೆ 10 ಮೀಟರ್. ಸ್ವಲ್ಪ ಉದ್ದವೇ ಕತ್ತರಿಸಿ, ಎಸ್‌ಡಬ್ಲ್ಯೂಆರ್ (ಎಷ್ಟು ಪವರ್ ಆಂಟೆನಾದಿಂದ ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ) ನೋಡುತ್ತಾ ತುದಿಯನ್ನು ಚೂರು ಚೂರೇ ಮಡಚುತ್ತಾ ಬನ್ನಿ. ಎಸ್‌ಡಬ್ಲ್ಯೂಆರ್ ತೀರಾ ಕಡಿಮೆ ಇರುವ ಜಾಗ 6.9ರಲ್ಲಿ ಕಂಡರೆ ತಂತಿ ಉದ್ದ ಜಾಸ್ತಿ, 7.3ರಲ್ಲಿ ಕಂಡರೆ ಗಿಡ್ಡ. 1.5ರ ಒಳಗೆ ಬಂದರೆ ಸಾಕು, 1.0 ಬರಲೇಬೇಕು ಅಂತ ದಿನವಿಡೀ ಕೂರಬೇಡಿ.

ಇದನ್ನು ತುಂಬಾ ಎತ್ತರಕ್ಕೆ ಕಟ್ಟಬೇಕಾಗಿಯೂ ಇಲ್ಲ. ನಾಲ್ಕೈದು ಮೀಟರ್ ಎತ್ತರದಲ್ಲಿ ಕಟ್ಟಿದರೆ ಸಿಗ್ನಲ್ ಹೆಚ್ಚುಕಮ್ಮಿ ನೆತ್ತಿಯ ಮೇಲಕ್ಕೇ ಹೋಗಿ, ಅಯಾನುಗೋಳಕ್ಕೆ ಬಡಿದು, ಸುತ್ತ ನಾಲ್ಕೈದು ನೂರು ಕಿಲೋಮೀಟರ್‌ಗೆ ಮಳೆಯ ಹಾಗೆ ಬೀಳುತ್ತದೆ. ಇದಕ್ಕೆ ಎನ್‌ವಿಐಎಸ್ ಅನ್ನುತ್ತಾರೆ. ನಡುವೆ ಗುಡ್ಡ ಇದ್ದರೂ ಲೆಕ್ಕಕ್ಕಿಲ್ಲ. ಹಗಲಲ್ಲಿ 40 ಮೀಟರ್ ಚೆನ್ನಾಗಿ ನಡೆಯುತ್ತದೆ. ರಾತ್ರಿ ಹತ್ತಿರದವರು ಮಾಯವಾಗಿ ದೂರದವರೇ ಕೇಳಿಸತೊಡಗಿದರೆ 80 ಮೀಟರ್ ಬ್ಯಾಂಡ್‌ಗೆ ಇಳಿಯಿರಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಕರೆಂಟ್ ಲೈನ್ ಹತ್ತಿರ ತಂತಿ ಎಸೆಯಬೇಡಿ. ತಂತಿ ಜಾರಿ ಬಿದ್ದರೂ ಲೈನ್‌ಗೆ ತಾಗದಷ್ಟು ದೂರ ಇರಬೇಕು. ಬಿರುಗಾಳಿ ನಂತರ ನೆಲಕ್ಕೆ ಬಿದ್ದ ಲೈನ್‌ನಲ್ಲಿ ಕರೆಂಟ್ ಇಲ್ಲ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಗುಡುಗು ಕೇಳಿಸಿದರೆ ಕೇಬಲ್ ಬಿಚ್ಚಿ ಹೊರಗೆ ಹಾಕಿ. ಆಂಟೆನಾ ಸಿಕ್ಕಿಸದೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬೇಡಿ.

ಸಂಜೆನೆಟ್

ಆಂಟೆನಾ, ಬ್ಯಾಟರಿ ಎಲ್ಲ ಸರಿ. ನಮ್ಮಲ್ಲಿ ಯಾರೂ ಸಾಕಷ್ಟು ಅಭ್ಯಾಸ ಮಾಡದೇ ಇರುವುದು ಸಂದೇಶ ದಾಟಿಸುವುದನ್ನ. ನೆಟ್ ಅಂದರೆ ಏನು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ: ಗೊತ್ತಾದ ಹೊತ್ತಿಗೆ ಗೊತ್ತಾದ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಸೇರುವುದು, ಒಬ್ಬರು ಕಂಟ್ರೋಲ್. ಕಂಟ್ರೋಲ್ ಕರೆದಾಗ ಮಾತ್ರ ಮಾತು. ಮಾಮೂಲಿ ದಿನ ಇದು ಬರೀ ಹಾಜರಿ ಅನಿಸಬಹುದು. ಆದರೆ ಮೂವತ್ತು ಜನ ಒಂದೇ ಫ್ರೀಕ್ವೆನ್ಸಿಯಲ್ಲಿ ಒಬ್ಬರ ಮೇಲೊಬ್ಬರು ಬೀಳದೆ ಕೆಲಸ ಮಾಡುವುದು ರೂಢಿಯಿಂದಲೇ ಬರುವಂಥದ್ದು.

ಅಭ್ಯಾಸ ಹೀಗಿರುತ್ತದೆ ನೋಡಿ:

"ಕಂಟ್ರೋಲ್, ಆದ್ಯತೆಯ ಸಂದೇಶ ಒಂದಿದೆ."
"ಬರೆದುಕೊಳ್ಳಲು ಸಿದ್ಧ, ಹೇಳಿ."
"ಸಂದೇಶ ಸಂಖ್ಯೆ ನಾಲ್ಕು. ಸಮಯ ಒಂದು ನಾಲ್ಕು, ಒಂದು ಸೊನ್ನೆ. ಶಾಲೆಯ ಶಿಬಿರಕ್ಕೆ ಇನ್ಸುಲಿನ್ ಬೇಕು. ರೋಗಿಗಳು ಹದಿನಾರು, ಅಂಕಿ ಒಂದು ಆರು. ಮುಗಿಯಿತು."
"'ರೋಗಿಗಳು' ಆದಮೇಲಿನದು ಮತ್ತೆ ಹೇಳಿ."
"ರೋಗಿಗಳು ಹದಿನಾರು, ಅಂಕಿ ಒಂದು ಆರು."
"ಓದಿ ಹೇಳುತ್ತೇನೆ, ಸರಿ ನೋಡಿ..."

ಯಾಕೆ ಅಂಕಿ ಬಿಡಿಸಿ ಹೇಳಬೇಕು ಅಂದರೆ, ಸದ್ದಿನಲ್ಲಿ ಮೊದಲ ಎರಡಕ್ಷರ ನುಂಗಿಹೋದರೆ ಹದಿನಾರು ಹೋಗಿ ಆರು ಆಗುತ್ತದೆ. ಹತ್ತು ಜನರ ಔಷಧಿ ಅಲ್ಲೇ ಕಳೆದುಹೋಯಿತು. ಕೇಳಿಸಿಕೊಂಡವರು ಊಹೆ ಮಾಡಿ ತುಂಬಿಸುವ ಹಾಗಿಲ್ಲ. ಬರೆದವರು ಏನು ಬರೆದರೋ ಅದೇ ಹೋಗಬೇಕು, ನಾವು ತಿದ್ದುವಂತಿಲ್ಲ, ಚಂದ ಮಾಡುವಂತಿಲ್ಲ. ಬರೆದುಕೊಳ್ಳುವವರ ಕೈ ಎಷ್ಟು ವೇಗವೋ ಹೇಳುವವರ ಬಾಯೂ ಅಷ್ಟೇ ವೇಗ ಇರಲಿ. ಪಿಟಿಟಿ ಒತ್ತಿದ ಮೇಲೆ ಅರೆಕ್ಷಣ ತಡೆದು ಮಾತು ಶುರು ಮಾಡಿ, ಇಲ್ಲದಿದ್ದರೆ ರಿಪೀಟರ್ ಎದ್ದೇಳುವಷ್ಟರಲ್ಲಿ ಮೊದಲ ಪದ ಹೋಗಿರುತ್ತದೆ.

2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ಹೊಡೆದಾಗ ರೆಡ್ ಕ್ರಾಸ್ ಕೋರಿಕೆಯ ಮೇಲೆ ಅಮೆರಿಕದ ಹ್ಯಾಮ್‌ಗಳು ಅಲ್ಲಿಗೆ ಹೋದರು. ಅಂಥ ಕಡೆ ದೊಡ್ಡ ಪಾಲಿನ ಕೆಲಸ ಯಾವುದು ಗೊತ್ತಾ? ಹೆಸರುಗಳ ಪಟ್ಟಿ. ಯಾರು ಕ್ಷೇಮ, ಯಾರ ಮನೆಯವರಿಗೆ ಸುದ್ದಿ ಹೋಗಬೇಕು. ಸಾಹಸ ಏನೂ ಕಾಣಿಸುವುದಿಲ್ಲ, ಆದರೆ ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೆ ಒಂದು ಮನೆ ನಿದ್ದೆಗೆಡುತ್ತದೆ. ಅವರು ಕರೆದ ಮೇಲೆ ಹೋದರು ಅನ್ನುವುದನ್ನೂ ಗಮನಿಸಿ. ಸೆಟ್ ಹೆಗಲಿಗೆ ಹಾಕಿಕೊಂಡು ಕರೆಯದೇ ವಿಪತ್ತಿನ ಜಾಗಕ್ಕೆ ನುಗ್ಗಿದರೆ ಅಲ್ಲಿನವರಿಗೆ ಇನ್ನೊಂದು ಹೊರೆ. ಮೊದಲೇ ಸ್ಥಳೀಯ ತಂಡಕ್ಕೆ ಸೇರಿ, ಅವರ ತಾಲೀಮಿಗೆ ಹೋಗಿ.

ಹೊಸಕೇಳುಗ

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಸೆಟ್ ಕೊಳ್ಳುವುದನ್ನು ಮುಂದಕ್ಕೆ ಹಾಕಿದೆ. ಅಪ್ಪ ಅಮ್ಮ ಇರುವ ಕಡೆಯ ಕ್ಲಬ್‌ಗೆ ಪತ್ರ ಬರೆದಿದ್ದೇನೆ. ಈ ನಡುವೆ ಒಂದು ಹಳೆಯ ರಿಸೀವರ್ ಕೈಗೆ ಸಿಕ್ಕಿತು, ಸೈಡ್‌ಬ್ಯಾಂಡ್ ಇದೆ. ಕಿಟಕಿಯಿಂದ ಹತ್ತು ಮೀಟರ್ ತಂತಿ ಇಳಿಬಿಟ್ಟೆ. ಆದರೆ ನಾನಿರುವುದು ಅಪಾರ್ಟ್‌ಮೆಂಟ್, 7 ಮೆಗಾಹರ್ಟ್ಸ್ ಪೂರ್ತಿ ಬುಸ್ ಅನ್ನುವ ಸದ್ದು. ಮಾತು ಅದರಡಿ ಎಲ್ಲೋ ಕೇಳಿಸಿದ ಹಾಗೆ ಆಗುತ್ತದೆ, ಹಿಡಿಯಲು ಆಗುತ್ತಿಲ್ಲ. ರಿಸೀವರ್ ಕೆಟ್ಟಿದೆಯಾ?

ಬ್ಯಾಟರಿಬಾಕ್ಸ್

ಬಹುಶಃ ರಿಸೀವರ್ ಸರಿಯಾಗೇ ಇದೆ. ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಟಿವಿ ಒಳಗಿನ ಸ್ವಿಚಿಂಗ್ ಸಪ್ಲೈ ಇವೆಲ್ಲ ಆ ಸದ್ದು ಮಾಡುತ್ತವೆ. ರಿಸೀವರ್ ಅನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಸದ್ದು ಇಳಿದರೆ ಕಳ್ಳ ನಿಮ್ಮ ಮನೆಯಲ್ಲೇ ಇದ್ದಾನೆ, ಒಂದೊಂದೇ ಆನ್ ಮಾಡುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ಸಿಕ್ಕ ಚಾರ್ಜರ್ ಬದಲಿಸಿ, ಇಲ್ಲವೇ ಅದರ ವೈರ್ ಅನ್ನು ಸದ್ದು ತಡೆಯುವ ಫೆರೈಟ್ ರಿಂಗ್‌ಗೆ ಏಳೆಂಟು ಸುತ್ತು ಹಾಕಿ.

ತಂತಿಯವ

ಇಳಿಯದಿದ್ದರೆ ಸದ್ದು ಪಕ್ಕದ ಮನೆಗಳದ್ದು. ಆಗ ಅದೇ ರಿಸೀವರ್, ಅದೇ ತಂತಿ ಹಿಡಿದು ಒಂದು ಬಯಲಿಗೆ ಹೋಗಿ ಮರಕ್ಕೆ ಕಟ್ಟಿ ಕೇಳಿ. ಮುಂದೆ ಮಾತಾಡುವುದನ್ನೂ ಅಲ್ಲಿಂದಲೇ ಮಾಡಬಹುದು, ಬ್ಯಾಟರಿ ಹೊತ್ತು ಹೋಗಿ ಆಂಟೆನಾ ಕಟ್ಟುವ ತಾಲೀಮೂ ಆಗುತ್ತದೆ. ಬಯಲಿನಲ್ಲಿ ಏನು ಕೇಳಿಸಿತು ಅಂತ ಸಮಯ, ಫ್ರೀಕ್ವೆನ್ಸಿ ಸಮೇತ ಇಲ್ಲಿ ಬರೆಯಿರಿ, ಯಾವ ನೆಟ್ ಅಂತ ಗುರುತಿಸೋಣ.